ಮೊದಲ ಕೊಳಗ

"ನಿಮ್ಮನೆಯವರಿಗೂ ತಲೆಗೇ ಪೆಟ್ಟಾ?"

ಸೊರಬದ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಗಂಡನನ್ನು ಕೂರಿಸಿ ಬಟ್ಟೆಗಂಟು ಪಕ್ಕಕ್ಕಿಡುತ್ತಿದ್ದ ವೀರಮ್ಮ ತಲೆಯೆತ್ತಿದಳು. ಕೇಳಿದವಳು ಹೆಚ್ಚುಕಡಿಮೆ ಅವಳದೇ ವಯಸ್ಸಿನ ಹೆಂಗಸು. ಬರೀ ಕುತೂಹಲಕ್ಕೆ ಕೇಳಿದ ಹಾಗಿರಲಿಲ್ಲ. ಒಂದೇ ಊರಿನವರು ಪರಸ್ಥಳದಲ್ಲಿ ಎದುರಾದಾಗ ಕೇಳುವ ದನಿಯಲ್ಲಿ ಕೇಳಿದ್ದಳು.

"ನಿಮಗೆ ಹೆಂಗೆ ಗೊತ್ತಾತು?" ಎಂದಳು ವೀರಮ್ಮ.

"ಕಂಡಕ್ಟರು ಇಳೀರಿ ಅಂದಾಗ ಅವರು ಕಂಡಕ್ಟರನ್ನ ನೋಡ್ಲಿಲ್ಲ, ನಿಮ್ಮ ಮುಖ ನೋಡಿದ್ರು. ನಮ್ಮನೆಯವರೂ ಹಾಗೇ ನೋಡೋದು." ಅವಳು ಗಲ್ಲ ಎತ್ತಿ ತೋರಿಸಿದ ಕಡೆ, ಹುಣಸೆಮರದ ನೆರಳಲ್ಲಿ, ಎತ್ತರದ ಗಂಡಸೊಬ್ಬ ಕುಕ್ಕರಗಾಲಲ್ಲಿ ಕೂತು ನೆಲ ನೋಡುತ್ತಿದ್ದ. "ಪುಟ್ಟಪ್ಪ ಅಂತ. ಗರಗಸದ ಕೆಲಸ. ಎರಡು ವರ್ಷದ ಕೆಳಗೆ ದಿಮ್ಮಿ ಉರುಳಿ ತಲೆಗೆ ತಾಗ್ತು. ಗಾಯ ಹದಿನೈದು ದಿನಕ್ಕೆ ಮಾಯ್ತು. ಮನುಷ್ಯ ಮಾತ್ರ ಇನ್ನೂ ವಾಪಸ್ ಬಂದಿಲ್ಲ."

ಅವಳ ಹೆಸರು ಮಹಾದೇವಮ್ಮ, ಕ್ಯಾಸನೂರಿನವಳು. ಆ ಊರಿನ ಹೆಸರು ಕೇಳಿದ್ದೇ ವೀರಮ್ಮ ಮಂಗನ ಕಾಯಿಲೆಯ ಸುದ್ದಿ ವಿಚಾರಿಸಿದಳು. ಆಗೆಲ್ಲ ಕ್ಯಾಸನೂರಿನವರು ಎಲ್ಲಿ ಸಿಕ್ಕರೂ ಜನ ಅದನ್ನೇ ಕೇಳುತ್ತಿದ್ದರು.

"ಜೀಪು ಬರ್ತದೆ, ಹೋಗ್ತದೆ ಮಾರಾಯ್ತಿ. ಕಾಡಲ್ಲಿ ಎಷ್ಟು ಮಂಗ ಸತ್ತವು ಅಂತ ಬರ್ಕೊಂಡು ಹೋಗ್ತಾರೆ. ತಲೆಗೆ ಪೆಟ್ಟು ತಿಂದು ಬದುಕಿರೋ ಮನುಷ್ಯರನ್ನ ಯಾರು ಎಣಿಸ್ತಾರೆ? ನಮ್ಮ ಒಂದು ಕೇರಿಲೇ ಮೂರು ಜನ. ಒಬ್ಬ ಹಲಸಿನ ಮರದಿಂದ ಬಿದ್ದವನು, ಒಬ್ಬನಿಗೆ ಹೋರಿ ಹಾಯ್ದದ್ದು, ಮೂರನೆಯವರು ನಮ್ಮವರು."

ಬಸ್ಸಿನ ಮೇಲಿಂದ ಬುಟ್ಟಿ ಇಳಿಸುತ್ತಿದ್ದ ಕಂಡಕ್ಟರ್ ಕರಿಯಣ್ಣ ಅಲ್ಲಿಂದಲೇ ಬಾಯಿ ಹಾಕಿದ. "ನಮ್ಮ ಮಾವನ್ನೂ ಸೇರಿಸ್ಕೊಳ್ಳಿ ಅಕ್ಕ. ಸೈಕಲ್ಲಿಂದ ಬಿದ್ದಾಗಿಂದ ಅವರಿಗೆ ವಾಸನೆ ಅನ್ನೋದೇ ಇಲ್ಲ. ಅನ್ನ ಸೀದು ಮನೆ ತುಂಬ ಕಮಟು ಹಿಡಿದ್ರೂ ಒಲೆ ಮುಂದೆ ಕೂತು ಊಟ ಯಾವಾಗ ಅಂತಾರೆ."

ಮಹಾದೇವಮ್ಮ ನಕ್ಕಳು. ವೀರಮ್ಮನಿಗೂ ನಗು ಬಂತು. ಬಂದಮೇಲೆ ತನಗೇ ಆಶ್ಚರ್ಯವಾಯಿತು. ಇಡೀ ಸೀಮೆಗೆ ತನ್ನ ಗಂಡನೊಬ್ಬನೇ ಹೀಗಾದದ್ದು ಎಂದು ಅವಳು ಒಂದು ವರ್ಷದಿಂದ ತಿಳಿದುಕೊಂಡಿದ್ದಳು.

ಅವಳ ಗಂಡ ಉಚ್ಚಂಗಪ್ಪ ಶಿಕಾರಿಪುರದ ಸುತ್ತಿನ ಹತ್ತು ಹನ್ನೆರಡು ಕಣಗಳಿಗೆ ಬೇಕಾದ ಮನುಷ್ಯ. ಸುಗ್ಗಿಯಲ್ಲಿ ಭತ್ತದ ರಾಶಿ ಅಳೆಯುವುದು ಅವರ ಮನೆತನದ ಕೆಲಸ. ಅಜ್ಜನ ಕಾಲದ, ಹಿತ್ತಾಳೆ ಪಟ್ಟಿ ಬಿಗಿದ ಮರದ ಕೊಳಗ ಹಿಡಿದು ಅವನು ಮಂಡಿಯೂರಿ ಕೂತನೆಂದರೆ ರೈತನೂ ಸುಮ್ಮನೆ, ವ್ಯಾಪಾರಿಯೂ ಸುಮ್ಮನೆ. ಹಾಗಿದ್ದವನು ಹಿಂದಿನ ಸುಗ್ಗಿಯಲ್ಲಿ ಹುಲ್ಲಿನ ಬಣವೆಯ ಮೇಲಿಂದ ಜಾರಿದ. ಕೆಳಗೆ ನಿಂತಿದ್ದ ಗಾಡಿಯ ಗಾಲಿಯ ಕಬ್ಬಿಣದ ಪಟ್ಟಿಗೆ ಎಡಗಿವಿಯ ಮೇಲ್ಭಾಗ ಬಡಿಯಿತು. ಎದ್ದು ಮೈ ಕೊಡವಿಕೊಂಡು "ಏನೂ ಆಗಿಲ್ಲ ಬಿಡ್ರೋ" ಎಂದು ತಂಬಿಗೆ ನೀರು ಕುಡಿದ. ಅವನ ಬಾಯಿಂದ ಸರಿಯಾಗಿ ಬಂದ ಕೊನೆಯ ಮಾತು ಅದು. ಸಂಜೆ ಹೊತ್ತಿಗೆ ವಾಂತಿ, ಆಮೇಲೆ ಪ್ರಜ್ಞೆ ಇಲ್ಲ. ಗಾಡಿಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಗೆ.

ಇಪ್ಪತ್ತೆರಡು ದಿನದ ಮೇಲೆ ಕಣ್ಣು ಸರಿಯಾಗಿ ಬಿಟ್ಟ. ಬಲಗೈ ಎತ್ತಲಾಗಲಿಲ್ಲ. ಏನು ಕೇಳಿದರೂ "ಅದೇ... ಅದೇ..." ಅನ್ನುತ್ತಿದ್ದ. ನೀರು ಬೇಕಾದರೂ ಅದೇ, ಹೊದಿಕೆ ಬೇಕಾದರೂ ಅದೇ. ಡಾಕ್ಟರು ಒಳ್ಳೆಯವರು. ಮಂಚದ ಅಂಚಿಗೆ ಕೂತು ಒಂದು ಬೆರಳೆತ್ತಿ, "ಒಂದು ಅನ್ನಪ್ಪ, ಒಂದು" ಎಂದು ನಾಲ್ಕು ದಿನ ಕೇಳಿದರು. ಅವನು ಬೆರಳನ್ನೇ ನೋಡುತ್ತಿದ್ದ, ತುಟಿ ಅದುರಿಸುತ್ತಿದ್ದ, ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದ. "ಇಂಥವರು ತಿಂಗಳಿಗೆ ಹತ್ತಾರು ಜನ ಬರ್ತಾರಮ್ಮ. ಜೀವ ಉಳೀತಲ್ಲ, ಅದೇ ದೊಡ್ಡದು. ಮಾತು, ಲೆಕ್ಕ ಬರುತ್ತೋ ಇಲ್ಲವೋ ಹೇಳೋಕಾಗಲ್ಲ" ಎಂದರು.

ಊರಿಗೆ ಬಂದಮೇಲೆ ಜನ ಅದನ್ನು ಒಂದೇ ಮಾತಿಗೆ ಇಳಿಸಿದರು. ಉಚ್ಚಂಗಪ್ಪನಿಗೆ ಬುದ್ಧಿ ಹೋಗೈತೆ. ಬುದ್ಧಿ ಹೋದವನು ಕೊಳಗ ಮುಟ್ಟಬಾರದು. ಕೊಳಗ ಅವನ ಚಿಕ್ಕಪ್ಪನ ಮಗ ಪಂಚಾಕ್ಷರಪ್ಪನ ಮನೆಗೆ ಹೋಯಿತು.

ಈ ಸಲ ಕೊಯ್ಲು ಶುರುವಾದದ್ದೇ ಉಚ್ಚಂಗಪ್ಪ ಬೆಳಿಗ್ಗೆ ಎದ್ದು ಮಲ್ಲಿಕಾರ್ಜುನಪ್ಪ ಗೌಡರ ಕಣದ ಹತ್ತಿರ ಹೋಗಿ ನಿಲ್ಲತೊಡಗಿದ. ಎಳೆದರೂ ಬರುತ್ತಿರಲಿಲ್ಲ. ಮೂರನೇ ದಿನ ಗೌಡರು ವೀರಮ್ಮನನ್ನು ಕರೆಸಿದರು. "ನೋಡಮ್ಮ, ಅವನ ಮ್ಯಾಲೆ ನನಗೇನೂ ಸಿಟ್ಟಿಲ್ಲ. ಆದ್ರೆ ರಾಶಿ ಮುಂದೆ ಇಂಥದ್ದು ನಿಲ್ಲಬಾರದು. ಸುಗ್ಗಿ ಮುಗಿಯೋ ತನಕ ತವರಿಗೆ ಕರ್ಕೊಂಡು ಹೋಗಿರು." ಇಂಥದ್ದು ಎಂದರು. ಇಪ್ಪತ್ತು ವರ್ಷ ತಮ್ಮ ಭತ್ತ ಅಳೆದ ಮನುಷ್ಯನಿಗೆ. ವೀರಮ್ಮ ಸೆರಗು ಸರಿಮಾಡಿಕೊಂಡು ಬಂದು ಗಂಟು ಕಟ್ಟಿದಳು. ಆ ಗಂಟಿನೊಂದಿಗೇ ಆವತ್ತು ಸೊರಬದಲ್ಲಿ ಇಳಿದದ್ದು.

ಹೊಸಬಾಳೆಯ ತವರಿನಲ್ಲಿ ಅಣ್ಣ ಹೊಲಕ್ಕೆ ಹೋದರೆ ಮನೆಯಲ್ಲಿ ಉಳಿಯುವವಳು ಅತ್ತಿಗೆ ನೀಲಾಂಬಿಕೆ. ಬಾಯಿ ಜೋರು, ಮನಸ್ಸು ಮೆದು. ಹೋದ ನಾಲ್ಕನೇ ದಿನ ಮಿಲ್ಲಿಗೆ ಕಳಿಸಲು ಆರು ಕೊಳಗ ಭತ್ತ ಬೇಕಾಯಿತು. ನಾದಿನಿ ಅತ್ತಿಗೆ ಇಬ್ಬರೂ ಕಣಜದಿಂದ ಭತ್ತ ತೋಡಿ ಪಡಸಾಲೆಯಲ್ಲಿ ಸುರಿದರು. ಉಚ್ಚಂಗಪ್ಪ ಕಂಬಕ್ಕೆ ಒರಗಿ ಕೂತಿದ್ದ. ನೀಲಾಂಬಿಕೆ ಚೀಲದ ಬಾಯಿ ಹಿಡಿದಳು. ವೀರಮ್ಮ ಕೊಳಗ ತುಂಬಿ, ಅಂಗೈಯಿಂದ ಮೇಲೆ ಸವರಿ, ಎಲ್ಲರೂ ಹೇಳುವ ಹಾಗೆ "ಲಾಭ" ಎಂದು ಚೀಲಕ್ಕೆ ಸುರಿದಳು. ನಮ್ಮ ಕಡೆ ಮೊದಲ ಅಳತೆಗೆ ಯಾರೂ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಆಮೇಲೆ ಎರಡು, ಮೂರು.

ಅವಳು ಎರಡನೇ ಸಲ ಕೊಳಗ ಭತ್ತಕ್ಕೆ ಒತ್ತುತ್ತಿದ್ದಾಗ ಹಿಂದಿನಿಂದ ದನಿ ಬಂತು.

"ಎರಡೇ... ಎರಡೇ ಎರಡು..."

ನೀಲಾಂಬಿಕೆಯ ಕೈಯಿಂದ ಚೀಲದ ಬಾಯಿ ಜಾರಿತು. ವೀರಮ್ಮ ತಿರುಗಲಿಲ್ಲ. ತಿರುಗಿದರೆ ಎಲ್ಲಿ ನಿಂತುಹೋಗುವುದೋ ಎಂಬ ಹೆದರಿಕೆಗೆ, ಬೆನ್ನು ಹಾಗೇ ಬಗ್ಗಿಸಿಕೊಂಡು ಕೊಳಗ ತುಂಬಿ ಸುರಿದಳು. ಅರ್ಧ ಚೀಲಕ್ಕೆ, ಅರ್ಧ ನೆಲಕ್ಕೆ.

"ಮೂರೇ... ಮೂರೇ ಮೂರು..."

ಕಣದಲ್ಲಿ ಹಾಡುತ್ತಿದ್ದ ಅದೇ ರಾಗ. ಕೊಳಗ ತುಂಬುವ ತನಕ ಆ ಸಂಖ್ಯೆಯನ್ನೇ ಬಿಡದೆ ಎಳೆಯಬೇಕು, ನಡುವೆ ಬೇರೆ ಮಾತು ಬರಬಾರದು ಎಂದು ಅವನ ಅಪ್ಪ ಕಲಿಸಿದ್ದು. ಆರರ ತನಕ ಬಂತು. ಭತ್ತ ಮುಗಿಯಿತು. ಇಬ್ಬರು ಹೆಂಗಸರೂ ಅವನ ಮುಂದೆ ಹೋಗಿ ಕುಸಿದು ಕೂತರು.

"ರೀ, ಇನ್ನೊಂದ್ಸಲ ಹೇಳ್ರಿ."

"ಅದೇ... ಅದೇ..." ಎಂದ ಉಚ್ಚಂಗಪ್ಪ, ಬೆವರು ಒರೆಸಿಕೊಳ್ಳುತ್ತಾ.

ಆವತ್ತು ಮಧ್ಯಾಹ್ನ ಪಾತ್ರೆ ತಿಕ್ಕುತ್ತಾ ವೀರಮ್ಮನಿಗೆ ಡಾಕ್ಟರ ಬೆರಳು ನೆನಪಾಯಿತು. ಪಾಪ, ಅವರು ಒಂದು ಅನ್ನು ಎಂದು ಕೇಳಿದರು. ಅಳೆಯುವವನ ಬಾಯಲ್ಲಿ ಲೆಕ್ಕ ಅಲ್ಲಿಂದ ಶುರುವೇ ಆಗುವುದಿಲ್ಲ ಎಂದು ಅವರಿಗೆ ಹೇಳುವವರು ಯಾರಿದ್ದರು? ಪಕ್ಕದಲ್ಲೇ ನಿಂತಿದ್ದ ತನಗೂ ಹೊಳೆಯಲಿಲ್ಲವಲ್ಲ.

ಮಾರನೇ ದಿನದಿಂದ ಅಭ್ಯಾಸ ಹಿಡಿಸಿದಳು. ಗಂಡನ ಕೈಗೇ ಕೊಳಗ ಕೊಟ್ಟಳು. ಮೊದಲು ಅರ್ಧ ತುಂಬಿದ ಕೊಳಗ ಎರಡು ಸಲ, ಆಮೇಲೆ ಪೂರ್ತಿ ತುಂಬಿದ್ದು ನಾಲ್ಕು ಸಲ. ವರ್ಷದಲ್ಲಿ ಅಷ್ಟಿಷ್ಟು ಬಲ ಬಂದಿದ್ದ ಬಲಗೈ ಸೋತಾಗ ಅವನು ತಾನೇ ಎಡಗೈಯನ್ನು ಅಡಿಗೆ ಕೊಟ್ಟ. ಹತ್ತನೇ ದಿನಕ್ಕೆ ಇಪ್ಪತ್ತು ಮುಟ್ಟಿಸಿದ. ಇಪ್ಪತ್ತು ಕೊಳಗ ಅಂದರೆ ಒಂದು ಖಂಡುಗ. ಕಣದಲ್ಲಿ ಖಂಡುಗ ತುಂಬಿದಾಗಲೆಲ್ಲ ಒಂದು ಹಿಡಿ ಭತ್ತ ಗುರುತಿಗೆ ಪಕ್ಕಕ್ಕಿಟ್ಟು ಮತ್ತೆ ಲಾಭದಿಂದ ಶುರು ಮಾಡುತ್ತಾರೆ.

ಒಂದೇ ಒಂದು ತೊಡಕು. ಆ ಮೊದಲ ಮಾತು ಅವನ ಬಾಯಿಂದ ಹೊರಡುತ್ತಿರಲಿಲ್ಲ. ವೀರಮ್ಮ ಲಾಭ ಅಂದರೆ ಮಿಕ್ಕ ಹತ್ತೊಂಬತ್ತೂ ಗಾಡಿಯ ಹಿಂದೆ ಕರು ಬಂದ ಹಾಗೆ ಬರುತ್ತಿದ್ದವು. ಅವಳು ಸುಮ್ಮನಿದ್ದರೆ, ತುಂಬಿದ ಕೊಳಗ ತೊಡೆಯ ಮೇಲಿಟ್ಟುಕೊಂಡು ಅದೇ ಅದೇ ಎನ್ನುತ್ತಾ ಕೂತುಬಿಡುತ್ತಿದ್ದ.

"ಕಣದಲ್ಲಿ ನೀನೇ ಹೇಳಿಕೊಡು" ಎಂದಳು ನೀಲಾಂಬಿಕೆ.

"ಏನ್ ಮಾತು ಅತ್ತಿಗೆ. ರಾಶಿ ಸುತ್ತ ಬೂದಿ ಗೆರೆ ಎಳೆದಮ್ಯಾಲೆ ಹೆಂಗಸ್ರು ದಾಟಂಗಿಲ್ಲ. ಅಳೆಯೋಕೆ ಶುರು ಆತಂದ್ರೆ ಗಂಡಸ್ರೂ ಪಿಟ್ ಅನ್ನಂಗಿಲ್ಲ. ಲೆಕ್ಕ ನಡುವೆ ಮುರೀತು ಅಂದ್ರೆ ಭತ್ತ ವಾಪಸ್ ರಾಶಿಗೆ ಸುರಿದು, ಇನ್ನೊಂದು ಒಳ್ಳೆ ದಿನ ನೋಡ್ಬೇಕು. ಗೌಡ್ರು ನನ್ನ ಸುಮ್ನೆ ಬಿಡ್ತಾರ?"

ನೀಲಾಂಬಿಕೆ ಮೊರ ಕೊಡವುತ್ತಾ ಯೋಚಿಸಿದಳು. "ಗೆರೆ ದಾಟಬಾರದು ಅಂದಿದ್ದು ಕಾಲಿಗೆ ತಾನೇ. ಬಾಯಿಗೆ ಎಲ್ಲಿ ಎಳೆದಿದ್ದಾರೆ ಗೆರೆ?"

ಗೌಡರ ಕಣದಲ್ಲಿ ಅಳತೆಯ ದಿನ ಬೆಳಿಗ್ಗೆ ಎಂಟು ಗಂಟೆಗೆ ಕರಿಯಣ್ಣನ ಬಸ್ಸು ಗಂಡ ಹೆಂಡತಿಯನ್ನು ಶಿಕಾರಿಪುರದಲ್ಲಿ ಇಳಿಸಿತು. ಮನೆಗೆ ಹೋಗದೆ ನೇರ ಕಣಕ್ಕೆ ಬಂದರು. ಸಗಣಿ ಸಾರಿಸಿದ ಕಣದ ನಡುವೆ ಆಳೆತ್ತರದ ರಾಶಿ, ತುದಿಯಲ್ಲಿ ಗರಿಕೆ ಸಿಕ್ಕಿಸಿದ ಸಗಣಿಯ ಬೆನಕ, ಸುತ್ತ ಬೂದಿಯ ಗೆರೆ. ಚೀಲ ಹಿಡಿಯುವ ಆಳುಗಳು ಚಪ್ಪಲಿ ಬಿಟ್ಟು ನಿಂತಿದ್ದರು. ಕಾಯಿ ಒಡೆದಾಗಿತ್ತು. ಪಂಚಾಕ್ಷರಪ್ಪ ಕೊಳಗಕ್ಕೆ ವಿಭೂತಿ ಹಚ್ಚಿ ರಾಶಿಯ ಬುಡಕ್ಕೆ ಒರಗಿಸಿ, ರುಮಾಲು ಬಿಗಿದುಕೊಳ್ಳುತ್ತಿದ್ದ.

ವೀರಮ್ಮ ಗೌಡರ ಮುಂದೆ ನಿಂತಳು. "ಒಂದು ಖಂಡುಗ ಅಳೀಲಿ ಗೌಡ್ರೇ. ಒಂದೇ ಒಂದು. ತಪ್ಪಿದ್ರೆ ನಾವು ಇತ್ತ ಕಡೆ ಮತ್ತೆ ತಲೆ ಹಾಕಲ್ಲ."

"ನಿನಗೇನು ತಲೆ ನೆಟ್ಟಗೈತಾ ವೀರಮ್ಮ? ಇವನು ಅರ್ಧಕ್ಕೆ ನಿಲ್ಲಿಸಿದ್ರೆ ಇಷ್ಟು ಆಳು, ಇಷ್ಟು ಗಾಡಿ, ಎಲ್ಲ ನಾಳೆಗೆ. ಮೋಡ ಬೇರೆ ಆಗೈತೆ."

"ನಿಲ್ಲಿಸಲ್ಲ."

"ಲೆಕ್ಕ ಹೋಗೈತೆ ಅಂತ ದವಾಖಾನೆಲೇ ಹೇಳ್ಯಾರಲ್ಲ."

"ಅವರು ಅವರ ಲೆಕ್ಕ ಕೇಳಿದ್ರು. ಇವರದು ಕೇಳ್ಲಿಲ್ಲ."

ಆಳುಗಳಲ್ಲಿ ಯಾರೋ ಕಿಸಕ್ಕೆಂದರು. "ಅತ್ತಿಗೆ, ನಾನೇನು ಕೊಳಗ ಕಸ್ಕೊಂಡೋನಲ್ಲ" ಎಂದ ಪಂಚಾಕ್ಷರಪ್ಪ ಮುಖ ಕೆಳಗೆ ಹಾಕಿ. "ಅಣ್ಣ ಅಳೀತಾನೆ ಅಂದ್ರೆ ನಾನು ಚೀಲ ಹಿಡೀತೀನಿ. ಆದ್ರೆ ಮಾತೇ ಬರದೋನು..."

"ಬ್ಯಾಡ ಅಂದ್ರೆ ಬ್ಯಾಡ" ಎಂದರು ಗೌಡರು. "ಮನೆಗೆ ಕರ್ಕೊಂಡು ಹೋಗು."

ಗಂಡನ ಮುಂಗೈ ಅವಳ ಕೈಯಲ್ಲಿತ್ತು. ಬಸ್ಸಿಳಿದಾಗಿನಿಂದ ಅದು ಕಣದ ಕಡೆಗೇ ಜಗ್ಗುತ್ತಿತ್ತು. ವೀರಮ್ಮ ಒಮ್ಮೆ ಅವನ ಮುಖ ನೋಡಿದಳು. ಆಮೇಲೆ ಬೆರಳು ಸಡಿಲಿಸಿದಳು.

ಉಚ್ಚಂಗಪ್ಪ ಚಪ್ಪಲಿ ಬಿಟ್ಟ. ಬೂದಿ ಗೆರೆ ಕೆಡದ ಹಾಗೆ ಕಾಲೆತ್ತಿ ಒಳಗೆ ಹೋದ. ಪೂರ್ವಕ್ಕೆ ಮುಖ ಮಾಡಿ ಮಂಡಿಯೂರಿ, ರಾಶಿಗೆ ಹಣೆ ಮುಟ್ಟಿಸಿ, ಅಜ್ಜನ ಕೊಳಗ ಎತ್ತಿಕೊಂಡ. ಯಾವಾಗಿನ ಹಾಗೆ ಅದನ್ನು ಮೂರು ಸುತ್ತು ತಿರುಗಿಸಿದ. ಇಷ್ಟೂ ಎಷ್ಟು ಸರಾಗವಾಗಿ ನಡೆಯಿತೆಂದರೆ ತಡೆಯಬೇಕು ಎಂದು ಯಾರಿಗೂ ಹೊಳೆಯಲೇ ಇಲ್ಲ. ಭತ್ತ ತುಂಬಿದ. ಅಂಗೈಯಿಂದ ಸವರಿದ. ಎತ್ತಿ ಹಿಡಿದ.

"ಅದೇ..." ಎಂದ.

ಕೊಳಗ ಗಾಳಿಯಲ್ಲೇ ಇತ್ತು. "ಅದೇ... ಅದೇ..."

ಕತ್ತಿನ ನರ ಉಬ್ಬಿತು. ಒಬ್ಬ ಆಳು ಮುಖ ತಿರುಗಿಸಿಕೊಂಡ. ಗೌಡರು ಬಲಗೈ ಎತ್ತಿ, ನಿಲ್ಲಿಸ್ರೋ ಅನ್ನಲು ಬಾಯಿ ತೆರೆದರು.

"ಲಾಭಾ..."

ಬೂದಿ ಗೆರೆಗೆ ಬೆರಳು ತಾಕುವಷ್ಟು ಹತ್ತಿರ, ಆದರೆ ಆಚೆಗೇ, ವೀರಮ್ಮ ನಿಂತಿದ್ದಳು. ಅವಳ ದನಿ ಕಣದ ಮೂಲೆ ಮೂಲೆಗೂ ಕೇಳಿತು. ಉಚ್ಚಂಗಪ್ಪನ ತೋಳು ತಿರುಗಿತು. ಪಂಚಾಕ್ಷರಪ್ಪ ಯಾಕೆ ಏನು ಎನ್ನದೆ ಓಡಿ ಬಂದು ಚೀಲದ ಬಾಯಿ ಅಗಲಿಸಿದ. ಭತ್ತ ಸರ್ರೆಂದು ಇಳಿಯಿತು.

"ಎರಡೇ... ಎರಡೇ ಎರಡು..."

ಗೌಡರ ಕೈ ಮೇಲೇ ಇತ್ತು, ಬಾಯಿ ತೆರೆದೇ ಇತ್ತು. ಆದರೆ ಅಳತೆ ಶುರುವಾಗಿಬಿಟ್ಟಿತ್ತು. ಇನ್ನು ಮಾತಾಡಿದವನೇ ರಾಶಿ ಕೆಡಿಸಿದವನು. ಅವರು ಬಾಯಿ ಮುಚ್ಚಿ, ಎತ್ತಿದ ಕೈಯಿಂದ ನಿಧಾನವಾಗಿ ತಲೆ ಕೆರೆದುಕೊಂಡರು.

ಏಳು, ಎಂಟು, ಒಂಬತ್ತು. ಹದಿಮೂರಕ್ಕೆ ಬಂದಾಗ ದೂರದಲ್ಲಿ ಬಸ್ಸು ಹಾರ್ನ್ ಹೊಡೆಯಿತು. ಉಚ್ಚಂಗಪ್ಪನ ಕಣ್ಣು ಆ ಕಡೆ ಹೋಯಿತು. ಕೊಳಗ ರಾಶಿಗೆ ಒತ್ತಿದ್ದು ಹಾಗೇ ನಿಂತಿತು. ಬಾಯಿ ಮಾತ್ರ ರಾಗ ಬಿಡಲಿಲ್ಲ. "ಹದಿಮೂರೇ... ಹದಿಮೂರೇ ಹದಿಮೂರು... ಹದಿಮೂರೇ..." ಅಪ್ಪ ಕಲಿಸಿದ ಆ ಎಳೆತ ಅವನನ್ನು ಹಿಡಿದುಕೊಂಡಿತು. ಹತ್ತು ಸಲ ಹೇಳಿರಬೇಕು. ಕೊನೆಗೆ ತೋಳು ಅಲುಗಿತು, ಭತ್ತ ಎದ್ದು ಚೀಲಕ್ಕೆ ಇಳಿಯಿತು. "ಹದಿನಾಲ್ಕು."

ಇಪ್ಪತ್ತಾಯಿತು. ಅವನು ಒಂದು ಹಿಡಿ ಭತ್ತ ತೆಗೆದು ಪಕ್ಕಕ್ಕಿಟ್ಟ. ಮತ್ತೆ ಕೊಳಗ ತುಂಬಿದ, ಸವರಿದ. ವೀರಮ್ಮ ಉಸಿರು ತುಂಬಿಕೊಂಡಳು. ಈಗ ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲಿತ್ತು.

ಉಚ್ಚಂಗಪ್ಪ ಕತ್ತು ತಿರುಗಿಸಿ ಅವಳನ್ನು ನೋಡಿದ. ಬಸ್ಸಿನಲ್ಲಿ ನೋಡುವ ಹಾಗೆ ನೋಡಲಿಲ್ಲ. ಸುಗ್ಗಿಯ ಕಾಲದಲ್ಲಿ ಊಟ ಹೊತ್ತು ತಂದವಳನ್ನು, ತಡಿ, ಕೆಲಸ ಮುಗೀಲಿ ಎಂದು ನೋಡುತ್ತಿದ್ದನಲ್ಲ, ಹಾಗೆ.

"ಲಾಭಾ..." ಎಂದ. "ಲಾಭಾ... ಲಾಭ."

ವೀರಮ್ಮ ತುಂಬಿಕೊಂಡಿದ್ದ ಉಸಿರು ಹಾಗೇ ಹೊರಗೆ ಬಂತು. ಸೆರಗಿನಿಂದ ಬಾಯಿ ಒತ್ತಿಹಿಡಿದು ಅವಳು ಕಣದ ಬದಿಯ ಕಲ್ಲಿನ ಮೇಲೆ ಕೂತಳು. ಮಿಕ್ಕ ಹತ್ತು ಖಂಡುಗವನ್ನೂ ಅಲ್ಲೇ ಕೂತು ಕೇಳಿದಳು. ಬಲಗೈ ಸೋತಾಗ ಎಡಗೈ ಅಡಿಗೆ ಬಂತು. ದನಿ ಎರಡು ಸಲ ಒಡೆಯಿತು. ಲೆಕ್ಕ ಒಡೆಯಲಿಲ್ಲ.

ರಾಶಿಯ ಜಾಗದಲ್ಲಿ ಕಣದ ನೆಲ ಕಂಡಮೇಲೆ ಮೊದಲು ಬಾಯಿ ಬಿಟ್ಟವನು ಪಂಚಾಕ್ಷರಪ್ಪ. "ಹನ್ನೊಂದು ಖಂಡುಗ, ಮ್ಯಾಲೆ ಆರು ಕೊಳಗ. ನಾನೂ ಒಳಗೊಳಗೇ ಎಣಿಸ್ಕೊಂಡು ಬಂದೀನಿ ಗೌಡ್ರೇ. ಒಂದು ಕಾಳು ಆಚೀಚೆ ಇಲ್ಲ."

ಗೌಡರು ಗುರುತಿಗಿಟ್ಟ ಹನ್ನೊಂದು ಹಿಡಿಗಳನ್ನು ಬಗ್ಗಿ ನೋಡಿದರು. ಆಮೇಲೆ ಉಚ್ಚಂಗಪ್ಪನ ಮುಂದೆ ಕುಕ್ಕರಿಸಿ, "ಎಷ್ಟಾತೋ ಉಚ್ಚಂಗಿ?" ಎಂದು ಕೇಳಿದರು.

"ಅದೇ" ಎಂದ ಉಚ್ಚಂಗಪ್ಪ.

ಇಡೀ ಕಣ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ. ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ಇವಳ ದನಿ ನಾನು ಇಷ್ಟು ವರ್ಷದಲ್ಲಿ ಜೋರಾಗಿ ಕೇಳೇ ಇರ್ಲಿಲ್ಲ" ಎಂದರು ಗೌಡರು ವೀರಮ್ಮನ ಕಡೆ ತಿರುಗಿ. "ಕೇಳಿದ ದಿನ ನನ್ನ ಬಾಯೇ ಕಟ್ಟಿಹಾಕಿದ್ಲು. ಪಂಚಾಕ್ಷರಿ, ಕೊಳಗ ಅವನ ಮನೆಗೆ ಹೋಗ್ಲಿ ಮಾರಾಯ."

"ನಾನೇ ಹೊತ್ಕೊಂಡು ಹೋಗಿ ಇಟ್ಟು ಬರ್ತೀನಿ" ಎಂದ ಪಂಚಾಕ್ಷರಪ್ಪ. "ಅಣ್ಣನ ಕೈ ಸೋತೈತೆ."

ಸುದ್ದಿ ಕರಿಯಣ್ಣನ ಬಸ್ಸು ಹತ್ತಿತು. ಹತ್ತಿದಮೇಲೆ ಕೇಳಬೇಕೆ, ಶಿಕಾರಿಪುರದಿಂದ ಸೊರಬದ ತನಕ ಪ್ರತಿ ಸ್ಟಾಪಿನಲ್ಲೂ ಇಳಿಯಿತು. ಹದಿನೈದು ದಿನದಲ್ಲಿ ವೀರಮ್ಮನ ಜಗಲಿಗೆ ಐದು ಮನೆಯವರು ಬಂದು ಹೋದರು. ಒಬ್ಬ ಬಾವಿಕಟ್ಟೆಯ ಮೇಲೆ ಬಿದ್ದಾಗಿನಿಂದ ಕಂಡಕಂಡವರ ಮೇಲೆ ರೇಗುತ್ತಿದ್ದ. ಮತ್ತೊಬ್ಬಳಿಗೆ ನಿನ್ನೆಯದು ನೆನಪಿರುತ್ತಿರಲಿಲ್ಲ. ಕರಿಯಣ್ಣನ ಮಾವನೂ ಬಂದು, ಹಿಂದಿನ ದಿನದ ಹಳಸಿದ ಸಾರು ಚೆನ್ನಾಗಿದೆ ಎಂದು ಹೊಗಳಿದ. ವೀರಮ್ಮನ ಹತ್ತಿರ ಮದ್ದು ಇರಲಿಲ್ಲ. ಎಲ್ಲರಿಗೂ ಮಜ್ಜಿಗೆ ಕೊಟ್ಟಳು, ಬಂದವರನ್ನೆಲ್ಲ ಕೂರಿಸಿಕೊಂಡು ಒಂದೇ ಮಾತು ಕೇಳಿದಳು. ಪೆಟ್ಟು ಬೀಳೋಕೆ ಮುಂಚೆ ಇವರ ಕೈಗೆ ಏನು ರೂಢಿ ಇತ್ತು?

ಒಂದು ದಿನ ಮಹಾದೇವಮ್ಮ ಬಂದಳು, ಪುಟ್ಟಪ್ಪನನ್ನು ಕರೆದುಕೊಂಡು.

"ಗರಗಸ ಎಲ್ಲೈತೆ?" ಎಂದಳು ವೀರಮ್ಮ.

"ಅಟ್ಟದ ಮೇಲೆ ತುಕ್ಕು ಹಿಡೀತಾ ಬಿದ್ದಿದೆ. ಅದನ್ನ ಕಂಡ್ರೆ ನನಗೇ ಹೆದರಿಕೆ ಮಾರಾಯ್ತಿ."

"ಹೆದರಿಕೆ ಇರ್ಲಿ. ಇಳಿಸ್ಕೊಳ್ಳಿ."

ಹೆಂಗಸರಿಬ್ಬರೂ ಮಜ್ಜಿಗೆಗೆಂದು ಒಳಗೆ ಹೋದರು. ಜಗಲಿಯ ಮೇಲೆ ಉಚ್ಚಂಗಪ್ಪ ನಾಳೆ ಮಿಲ್ಲಿಗೆ ಹೋಗಬೇಕಾದ ಭತ್ತ ಸುರುವಿಕೊಂಡು ಕೊಳಗ ಹಿಡಿದಿದ್ದ. ಪುಟ್ಟಪ್ಪ ಎದುರಿಗೆ ನೆಲ ನೋಡುತ್ತಾ ಕೂತಿದ್ದ. ಭತ್ತ ಏರುವ ಸದ್ದು, ಇಳಿಯುವ ಸದ್ದು, ನಡುವೆ ಆ ಎಳೆದ ರಾಗ.

ಮಜ್ಜಿಗೆ ಲೋಟ ಹಿಡಿದು ಹೊಸಿಲಿಗೆ ಬಂದ ಮಹಾದೇವಮ್ಮ ಅಲ್ಲೇ ನಿಂತಳು. ಹಿಂದೆ ಬರುತ್ತಿದ್ದ ವೀರಮ್ಮನಿಗೆ ಸುಮ್ಮನಿರು ಎಂದು ಕೈ ಮಾಡಿದಳು.

ಐದೇ ಐದು, ಎನ್ನುತ್ತಿದ್ದ ಉಚ್ಚಂಗಪ್ಪ. ಪುಟ್ಟಪ್ಪನ ಎರಡೂ ಮುಷ್ಟಿಗಳು ಮೊಣಕಾಲಿನ ಮೇಲೆ ಬಿಗಿಯಾಗಿ ಕೂಡಿಕೊಂಡಿದ್ದವು. ಆ ರಾಗಕ್ಕೆ ಸರಿಯಾಗಿ ಅವು ಮೆಲ್ಲಗೆ ಮುಂದಕ್ಕೆ ಹೋಗುತ್ತಿದ್ದವು, ಹಿಂದಕ್ಕೆ ಬರುತ್ತಿದ್ದವು, ಮುಂದಕ್ಕೆ ಹೋಗುತ್ತಿದ್ದವು.